ಗೋದಾಮಿನಗಲದ ಒಂದೇ ಹಾಸಿಗೆ

ಬಾಗಿಲು ತಳ್ಳಿ ಒಳಗೆ ಕಾಲಿಡುತ್ತಿದ್ದಂತೆ ಎರಡು ವಾಸನೆ ಒಟ್ಟಿಗೇ ಮೂಗಿಗೆ ಬಂದವು. ಒಂದು, ಗೋಡೆ ಹತ್ತುವವರು ಕೈ ಬೆವರಿ ಜಾರದಿರಲೆಂದು ಅಂಗೈಗೆ ಬಳಿದುಕೊಳ್ಳುವ ಬಿಳಿ ಪುಡಿಯ ಒಣ ವಾಸನೆ. ಇನ್ನೊಂದು, ಯಾರೋ ದೇವರ ಪಟದ ಮುಂದೆ ಹಚ್ಚಿಟ್ಟಿದ್ದ ಊದುಬತ್ತಿಯದ್ದು. ಗೋಕುಲಂನಲ್ಲಿ ಹೊಸದಾಗಿ ತೆರೆದಿರುವ ಬೌಲ್ಡರಿಂಗ್ ಜಿಮ್ ಅದು. ಹಗ್ಗ ಕಟ್ಟಿಕೊಳ್ಳದೆ, ಎರಡಾಳೆತ್ತರದ ಗೋಡೆಗಳನ್ನು ಬರಿಗೈಯಲ್ಲಿ ಹತ್ತುವ ಜಾಗ. ‘ಒಂದ್ಸಲ ಬಂದು ನೋಡಿ ಮೇಡಂ, ಹೇಗಿದೆ ಹೇಳಿ’ ಎಂದು ಅದರ ಮಾಲೀಕರು ಕರೆದಿದ್ದರು. ನೋಡಿ ಹೇಳಲು ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಆ ಎರಡು ವಾಸನೆ ಕೂಡಿದ್ದನ್ನು ನಾನು ಬದುಕಿನಲ್ಲಿ ಇನ್ನೊಂದೇ ಕಡೆ ಕಂಡಿದ್ದೆ. ಚಾಮರಾಜಪುರಂನ ನಮ್ಮ ಮನೆಯ ಹಿಂದಿನ ಗೋದಾಮಿನಲ್ಲಿ... ಅಲ್ಲಿ ನನ್ನ ಪಕ್ಕ ನಮ್ಮ ಪಿ.ಟಿ. ಮೇಡಂ ಇದ್ದರು.

ತೊಂಬತ್ತರ ದಶಕದಲ್ಲಿ ನಾನು ಓದಿದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಪೀರಿಯಡ್ ಎಂದರೆ ಥ್ರೋಬಾಲು, ಇಲ್ಲವೇ ನೆರಳಲ್ಲಿ ಕೂತು ಹರಟೆ. ಮೇಡಂ ಬಂದ ಮೇಲೆ ಹರಟೆ ನಿಂತಿತು. ಕುಳ್ಳಗಿನ, ಒಣಕಲು ಮೈಯ ಹೆಂಗಸು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ಕಾಲೇಜಿನ ದಿನಗಳಲ್ಲಿ ಎನ್.ಸಿ.ಸಿ. ಮೂಲಕ ಉತ್ತರದ ಯಾವುದೋ ಬೆಟ್ಟದೂರಿಗೆ ಹೋಗಿ ಬಂಡೆ ಹತ್ತುವುದನ್ನು ಕಲಿತು ಬಂದಿದ್ದರಂತೆ. ನಾವು ಇದನ್ನು ನಂಬಿರಲಿಲ್ಲ. ಸೀರೆಯುಟ್ಟ ಮೇಷ್ಟ್ರಮ್ಮ ಬಂಡೆ ಹತ್ತುವುದೆಂದರೇನು ಎಂದು ನಗುತ್ತಿದ್ದೆವು.

ಒಂದು ಭಾನುವಾರ ನಮ್ಮಲ್ಲಿ ಕೆಲವರನ್ನು ಬಸ್ಸಿನಲ್ಲಿ ಪಾಂಡವಪುರದ ಕಡೆಯ ಬಂಡೆಗಳಿಗೆ ಕರೆದುಕೊಂಡು ಹೋದರು. ಅಂದು ಚೂಡಿದಾರ್ ಹಾಕಿ, ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದಿದ್ದರು. ಈಗ ಹತ್ತುತ್ತಾರೆ ಎಂದು ನಾವು ಕಣ್ಣರಳಿಸಿ ಕಾದರೆ, ಅವರು ಬಂಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಕಲ್ಲು ಆಯತೊಡಗಿದರು! ಚೂಪುಗಲ್ಲು, ಮುಳ್ಳು, ಒಡೆದ ಬಾಟಲಿ ಚೂರು, ಎಲ್ಲವನ್ನೂ ಆಯ್ದು ದೂರ ಎಸೆದರು. ಆಮೇಲೆ ಮೊಣಕಾಲೆತ್ತರದಿಂದ ಧೊಪ್ಪೆಂದು ಬಿದ್ದರು. ಎದ್ದು ಸೊಂಟದೆತ್ತರದಿಂದ ಮತ್ತೆ ಬಿದ್ದರು. ನಮಗೆ ನಗು ತಡೆಯಲಾಗಲಿಲ್ಲ.

“ನಗಿ, ನಗಿ. ಹತ್ತೋದು ಯಾರಾದ್ರೂ ಕಲಿಸ್ತಾರೆ. ಬೀಳೋದು ಯಾವನೂ ಕಲಿಸಲ್ಲ ಕಣ್ರೇ,” ಎಂದರು.

ಅದಾದ ಮೇಲೆ ಹತ್ತಿದರು. ಹಿಡಿಯಲು ಏನೂ ಇಲ್ಲವೆಂದು ನಾವೆಲ್ಲ ಒಪ್ಪಿಕೊಂಡಿದ್ದ ಬಂಡೆ ಅದು. ಬೆರಳ ತುದಿಗೆ ಅವರಿಗೆ ಏನು ಸಿಕ್ಕಿತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವಸರವಿಲ್ಲದೆ, ಸದ್ದಿಲ್ಲದೆ ಮೇಲೆ ಹೋಗಿ, ಬಂಡೆಯ ನೆತ್ತಿಯ ಮೇಲೆ ಕೂತು, ಕಾಲು ಇಳಿಬಿಟ್ಟು ನಮ್ಮನ್ನು ನೋಡಿದರು. ನನ್ನ ಮೈಮೇಲಿನ ಕೂದಲು ನಿಂತಿತ್ತು. ಮನುಷ್ಯರಿಗೆ ಇದು ಸಾಧ್ಯ, ಅದರಲ್ಲೂ ನಮ್ಮ ಪೈಕಿಯವರಿಗೇ ಸಾಧ್ಯ ಎಂದು ತಿಳಿದ ದಿನ ಅದು. ಆಮೇಲೆ ನಾನು ಹತ್ತುವಾಗ ಅವರು ಕೆಳಗೆ ಎರಡೂ ಕೈ ಎತ್ತಿ ನಿಂತಿದ್ದರು. ನಾವು ಯಾರಾದರೂ ಬಂಡೆಯ ಮೇಲಿದ್ದಷ್ಟು ಹೊತ್ತು ಅವರು ಕೂತದ್ದಿಲ್ಲ, ಕಣ್ಣು ಬೇರೆ ಕಡೆ ತಿರುಗಿಸಿದ್ದಿಲ್ಲ. ನೀರು ಕುಡಿಯುವಾಗಲೂ ಕಣ್ಣು ಮೇಲೆಯೇ.

ಓದು ಮುಗಿದು, ಒಂದೆರಡು ಕೆಲಸ ಹಿಡಿದು ಬಿಟ್ಟು, ಎರಡು ಸಾವಿರ ಇಸವಿ ದಾಟಿದ ಮೇಲೆ ನನಗೆ ಒಂದು ಹುಚ್ಚು ಹತ್ತಿತು. ಊರೊಳಗೇ, ಸೂರಿನ ಕೆಳಗೇ ಒಂದು ಹತ್ತುವ ಗೋಡೆ ಕಟ್ಟಬೇಕು. ನಮ್ಮದು ಊದುಬತ್ತಿ ವ್ಯಾಪಾರದ ಮನೆ. ಅಪ್ಪ ಕೆಲಸವನ್ನೆಲ್ಲ ಬೇರೆ ಕಡೆ ಸಾಗಿಸಿದ್ದರಿಂದ ಮನೆಯ ಹಿಂದಿನ ಗೋದಾಮು ಖಾಲಿ ಬಿದ್ದಿತ್ತು. ಗೋಡೆಗಳಲ್ಲೆಲ್ಲ ಊದಿನ ಪುಡಿಯ ವಾಸನೆ ಕೂತುಬಿಟ್ಟಿತ್ತು. ಅಪ್ಪ ಬೇಡ ಎನ್ನಲಿಲ್ಲ, ಆದರೆ ಅಕ್ಕಿ ಮಂಡಿಯವರೊಬ್ಬರು ಆ ಗೋದಾಮಿಗಾಗಿ ದಿನಾ ಬಂದು ಕೂರುತ್ತಿದ್ದರು. ‘ವಿಜಯದಶಮಿಗೆ ನಿನ್ನ ಗೋಡೆ ಶುರುವಾದರೆ ನಿನಗೆ. ಆಗದಿದ್ದರೆ ಅವರಿಗೆ’ ಎಂದರು ಅಪ್ಪ. ಮಾತಿಗೆ ತಪ್ಪುವ ಮನುಷ್ಯರಲ್ಲ ಅವರು.

ಓಡಾಡಿದೆ. ವೆಲ್ಡಿಂಗ್‌ನವರಿಂದ ಕಬ್ಬಿಣದ ಚೌಕಟ್ಟು ನಿಂತಿತು, ಮೇಲೆ ದಪ್ಪ ಪ್ಲೈವುಡ್ ಕೂತಿತು. ಹಿಡಿದು ಹತ್ತಲು ಮರದ ಹಿಡಿಗಳನ್ನು ನಾನೇ ಕೊರೆದೆ. ಗೋಕುಲಂಗೆ ಯೋಗ ಕಲಿಯಲು ಬಂದಿದ್ದ ವಿದೇಶಿ ಹೆಣ್ಣುಮಗಳೊಬ್ಬಳು ತನ್ನೂರಿಂದ ಬಣ್ಣಬಣ್ಣದ ಹಿಡಿಗಳನ್ನು ತರಿಸಿಕೊಟ್ಟಳು. ಕೆಳಗೆ ಬಿದ್ದರೆ ಪೆಟ್ಟಾಗಬಾರದಲ್ಲ, ನಮ್ಮ ಬೀದಿಯ ಹಾಸಿಗೆ ಹೊಲಿಯುವವರಿಗೆ ಹೇಳಿ ದಪ್ಪ ಹಾಸಿಗೆಗಳನ್ನು ಮಾಡಿಸಿ ನೆಲದ ತುಂಬ ಜೋಡಿಸಿದೆ. ಮೇಲೆ ನೀಲಿ ಟಾರ್ಪಾಲು ಎಳೆದು ಬಿಗಿದಾಗ ನೋಡಲು ಕೆರೆಯ ಹಾಗೆ ನುಣ್ಣಗಿತ್ತು. ನನ್ನ ಹೆಮ್ಮೆ ಕೇಳಬೇಡಿ!

ವಿಜಯದಶಮಿಯ ಹಿಂದಿನ ದಿನ ನೋಡಿ ಹೇಳಲು ಮೇಡಂ ಅವರನ್ನು ಕರೆದೆ. ಆಗವರು ನಿವೃತ್ತಿಯ ಅಂಚಿನಲ್ಲಿದ್ದರು. ಅವರು ‘ಸರಿ’ ಎನ್ನದೆ ಒಂದು ಮಗುವನ್ನೂ ಆ ಗೋಡೆಗೆ ಹತ್ತಿಸುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಅವರು ಸರಿ ಎನ್ನದೆ ಇರುವುದು ಹೇಗೆ ಸಾಧ್ಯ ಎಂದೂ ಅಂದುಕೊಂಡಿದ್ದೆ.

ಅವರು ಬರುವ ಹೊತ್ತಿಗೆ ನಮ್ಮಮ್ಮ ತನ್ನ ಕೆಲಸ ಮುಗಿಸಿಬಿಟ್ಟಿದ್ದಳು. ಅಂದು ಆಯುಧಪೂಜೆ. ಮನೆಯ ಈಳಿಗೆಮಣೆ, ಸ್ಕೂಟರು, ಹೊಲಿಗೆ ಮೆಷಿನ್ನು ಎಲ್ಲಕ್ಕೂ ಪೂಜೆಯಾದ ಮೇಲೆ ಗೋದಾಮಿಗೆ ಬಂದು ಗೋಡೆಯ ಒಂದೊಂದು ಹಿಡಿಗೂ ವಿಭೂತಿ ಬಳಿದು, ಕುಂಕುಮ ಇಟ್ಟು, ಮೇಲಿನ ಚೌಕಟ್ಟಿಗೆ ಚೆಂಡು ಹೂವಿನ ಸರ ಬಿಟ್ಟಿದ್ದಳು. ಪೂಜೆಯಾದ ಆಯುಧವನ್ನು ಮರುದಿನದವರೆಗೆ ಮುಟ್ಟಬಾರದು ಎನ್ನುವುದು ನಮ್ಮ ಮನೆಯ ಪದ್ಧತಿ. ಗೋಡೆ ಆಯುಧವೋ ಅಲ್ಲವೋ ಎಂದು ಅವಳು ಯಾರನ್ನೂ ಕೇಳಿರಲಿಲ್ಲ.

“ಇವತ್ತು ಹತ್ತೋ ಹಾಗಿಲ್ಲ ಕಣ್ರೀ ಮೇಡಂ. ಪೂಜೆ ಆಗ್ಬುಟ್ಟಿದೆ,” ಎಂದಳು.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೇಡಂ ಮಾತ್ರ ನಗುತ್ತಾ ಚಪ್ಪಲಿ ಬಿಟ್ಟು, ಗೋಡೆಗೆ ಕೈಮುಗಿದು, ದೂರದಲ್ಲಿ ನಿಂತರು. ಆಮೇಲೆ ಅವರು ಮಾಡಿದ್ದನ್ನು ನಾನು ಯಾವತ್ತೂ ಮರೆಯಲಾರೆ. ನಿಂತಲ್ಲಿಂದಲೇ ಗೋಡೆ ಹತ್ತಿದರು. ಎಡಗೈ ಗಾಳಿಯಲ್ಲಿ ಒಂದು ಹಿಡಿ ಹಿಡಿಯಿತು, ಬಲಗಾಲು ಸ್ವಲ್ಪ ಎದ್ದು ತಿರುಗಿತು, ಸೊಂಟ ವಾಲಿತು, ಬಲಗೈ ಮೇಲೆ ಹೋಯಿತು. ಗೋದಾಮಿನ ಈ ತುದಿಯಿಂದ ಆ ತುದಿಯವರೆಗೆ ಒಂದು ಹಿಡಿಯನ್ನೂ ಮುಟ್ಟದೆ, ಒಂದನ್ನೂ ಬಿಡದೆ ಹತ್ತಿ ಇಳಿದರು. ಅಮ್ಮ ಆರತಿ ತಟ್ಟೆ ಹಿಡಿದುಕೊಂಡೇ ಬಾಯಿಬಿಟ್ಟು ನೋಡುತ್ತಿದ್ದಳು. ನಾನು ತಿಂಗಳುಗಟ್ಟಲೆ ಕಟ್ಟಿದ ಗೋಡೆಯನ್ನು ಅವರು ಒಂದು ಗಳಿಗೆಯಲ್ಲಿ ಮೈಗೆ ತೆಗೆದುಕೊಂಡಿದ್ದರು.

“ಗೋಡೆ ಪರವಾಗಿಲ್ಲ. ಎಲ್ಲಾನೂ ನಿನ್ನ ಕೈ ಉದ್ದಕ್ಕೇ ಇಟ್ಕೊಂಡಿದ್ದೀಯ, ಚಿಕ್ಕೋರಿಗೆ ಎಟುಕಲ್ಲ. ಅದನ್ನ ಆಮೇಲೆ ನೋಡಣ,” ಎಂದು ಅಮ್ಮನ ಕಡೆ ತಿರುಗಿದರು. “ನೆಲ ಮುಟ್ಬೋದಲ್ವಾ ಅಮ್ಮ? ನೆಲಕ್ಕೆ ಪೂಜೆ ಆಗಿಲ್ವಲ್ಲ?”

ನೆಲಕ್ಕೆ ಆಗಿರಲಿಲ್ಲ. ಏಣಿಗೆ ಆಗಿತ್ತು! ಹಾಗಾಗಿ ಊಟದ ಮನೆಯ ಮೇಜನ್ನು ಹೊತ್ತು ತಂದೆವು. ನಾನು ಮೇಜು ಹಿಡಿದುಕೊಂಡೆ, ಅವರು ಅದರ ಮೇಲೆ ಹತ್ತಿ ಹಿಂದಕ್ಕೆ ನೆಗೆದು ಬಿದ್ದರು. ಮೇಜನ್ನು ಸರಿಸಿ ಮತ್ತೆ ಬಿದ್ದರು. ಆ ವಯಸ್ಸಿನಲ್ಲಿ, ನೆರೆತ ಕೂದಲಿನ ತುರುಬು ಬಿಚ್ಚಿಹೋಗಿ, ಗೋದಾಮಿನ ಉದ್ದಗಲಕ್ಕೆ ಬೀಳುತ್ತಲೇ ಹೋದರು. ಮೂಲೆಯ ಹತ್ತಿರ ಬಿದ್ದಾಗ ಮಾತ್ರ ಅವರ ಕಾಲು ಕಣಕಾಲಿನವರೆಗೆ ಟಾರ್ಪಾಲಿನೊಳಗೆ ಹೂತುಹೋಯಿತು. ಅಮ್ಮ ಕಿರುಚಿದಳು. ಮೇಡಂ ಮಗ್ಗುಲಿಗೆ ಉರುಳಿ, ಎದ್ದು, ಟಾರ್ಪಾಲು ಸರಿಸಿದರು.

ಹಾಸಿಗೆ ಹೊಲಿಯುವವರು ಪಾಪ, ಮಲಗುವ ಹಾಸಿಗೆಯನ್ನೇ ಮಾಡಿಕೊಟ್ಟಿದ್ದರು. ಮದುವೆಗೆ ಕೊಡುವಂಥ ಹಾಸಿಗೆ, ಅಂಚುಗಳೆಲ್ಲ ಚೆಂದವಾಗಿ ಗುಂಡಗೆ. ಎರಡು ಗುಂಡಂಚು ಕೂಡಿದಲ್ಲೆಲ್ಲ ನಡುವೆ ಒಂದೊಂದು ಕಾಲುವೆ ಬಿದ್ದಿತ್ತು. ಮೇಲಿಂದ ಬಿದ್ದ ಕಾಲು ಅದರೊಳಗೆ ಇಳಿದು ತಿರುಚಿಕೊಂಡರೆ ಮುಗಿಯಿತು. ನನ್ನ ನುಣ್ಣನೆಯ ನೀಲಿ ಟಾರ್ಪಾಲು ಅದನ್ನೆಲ್ಲ ಮುಚ್ಚಿಟ್ಟಿತ್ತು.

“ನಾಳೆ ಹತ್ತಿಸ್ಬೇಡ ಕಣೇ,” ಎಂದರು ಮೇಡಂ.

“ಎಲ್ರನ್ನೂ ಕರ್ದುಬುಟ್ಟಿದ್ದೀವಿ ಮೇಡಂ. ನಾಳೆ ಶುರುವಾಗದೆ ಇದ್ರೆ ಅಪ್ಪ ಗೋದಾಮು ಕೊಟ್ಬುಡ್ತಾರೆ.”

“ಕೊಟ್ರೆ ಕೊಡ್ಲಿ. ಗೋದಾಮು ಇನ್ನೊಂದು ಸಿಗತ್ತೆ. ಮಕ್ಕಳ ಕಾಲು?”

ನನಗೆ ಅಳು ಬಂತು. ಅತ್ತೂಬಿಟ್ಟೆ. ಅವರು ಸಮಾಧಾನ ಹೇಳಲಿಲ್ಲ. ತುರುಬು ಕಟ್ಟಿಕೊಂಡು ಅಪ್ಪನನ್ನು ಕರೆಸಿದರು. “ಸಾರ್, ಶುರು ಆಗ್ಬೇಕು ಅಂದಿದ್ದೀರಿ. ಹತ್ಬೇಕು ಅಂದಿಲ್ಲ ತಾನೇ? ನಾಳೆ ಮೊದಲ್ನೇ ಪಾಠ ನಾನು ಮಾಡ್ತೀನಿ. ನನ್ನ ಹತ್ರ ಮೊದಲ್ನೇ ಪಾಠ ಯಾವಾಗ್ಲೂ ಬೀಳೋದೇ,” ಎಂದರು. ಅಪ್ಪ ಅವರನ್ನೂ ನನ್ನ ಕೆಂಪು ಕಣ್ಣನ್ನೂ ನೋಡಿದರು. ಆಮೇಲೆ ತಿರುಗಿ ಹೊರಟರು.

ವಿಜಯದಶಮಿಯ ಬೆಳಿಗ್ಗೆ ಹಾಸಿಗೆಗಳಲ್ಲಿ ಒಂದನ್ನು ಮಾತ್ರ ಹೊರಗೆ ಹೊತ್ತು ತಂದು ಜಗಲಿಯ ಕೆಳಗೆ ಹಾಕಿದೆವು. ಒಂದೇ ಹಾಸಿಗೆಯಾದರೆ ನಡುವೆ ಕಾಲುವೆ ಎಲ್ಲಿಂದ ಬರಬೇಕು? ಮೇಡಂ ಮೊದಲು ಬಿದ್ದು ತೋರಿಸಿದರು. ಬೀದಿಯ ಮಕ್ಕಳೆಲ್ಲ ಸಾಲಾಗಿ ನಿಂತು ಜಗಲಿಯಿಂದ ಬಿದ್ದರು. ರೇಷ್ಮೆ ಸೀರೆಯುಟ್ಟು ಬಂದ ನನ್ನ ಚಿಕ್ಕಮ್ಮ ಬಿದ್ದರು. ಕೊನೆಗೆ ಅಪ್ಪ ಪಂಚೆ ಎತ್ತಿಕಟ್ಟಿ, ಸುತ್ತ ಒಮ್ಮೆ ನೋಡಿ, ನೆಗೆದೇಬಿಟ್ಟರು. ಎದ್ದು ಧೂಳು ಕೊಡವಿಕೊಂಡು, ಕೋಸಂಬರಿ ತಿನ್ನುತ್ತಾ ಕೂತಿದ್ದ ಅಕ್ಕಿ ಮಂಡಿಯವರಿಗೆ “ಶುರುವಾಯ್ತು ಬುಡಿ,” ಎಂದರು. ನಾನು ಕುಣಿಯುವುದೊಂದು ಬಾಕಿ.

ಮುಂದೆ ಹಾಸಿಗೆ ಹೊಲಿಯುವವರು ಗೋದಾಮಿನಲ್ಲೇ ಬಿಡಾರ ಹೂಡಿ ಎಲ್ಲವನ್ನೂ ಬಿಚ್ಚಿ, ಗೋಡೆಯಿಂದ ಗೋಡೆಗೆ ಒಂದೇ ಹಾಸಿಗೆ ಹೊಲಿದರು. ಇಂಥ ಹಾಸಿಗೆ ಯಾವ ಮದುವೆಗೂ ಕೊಟ್ಟಿಲ್ಲ ಎಂದು ಅವರಿಗೆ ಒಂದೇ ನಗು. ದೀಪಾವಳಿಯ ಹೊತ್ತಿಗೆ ಮಕ್ಕಳು ಹತ್ತತೊಡಗಿದರು. ಮೇಡಂ ಬಂದರು. ಎಲ್ಲ ಕಡೆ ಬಿದ್ದು ನೋಡಿದರು. ಚೆನ್ನಾಗಿದೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ನಾನು ಕಾಫಿ ಕೊಟ್ಟು ಅವರ ಬಾಯನ್ನೇ ನೋಡುತ್ತಾ ಕೂತೆ. ಅವರು ಕಾಫಿ ಕುಡಿದು, ಹಾಸಿಗೆಯಲ್ಲಿ ಯಾರೂ ಬೀಳದ ಆಚೆಯಂಚಿಗೆ ಹೋಗಿ ಕಾಲು ಚಾಚಿದರು. ಮಕ್ಕಳು ಗೋಡೆಯಿಂದ ಧೊಪ್ ಧೊಪ್ ಎಂದು ಬೀಳುತ್ತಿದ್ದರು. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಮೇಡಂ ನಿದ್ದೆ ಹೋಗಿದ್ದಾರೆ! ಮಕ್ಕಳು ಹತ್ತುವಾಗ ಒಮ್ಮೆಯೂ ಕೂರದವರು ಗೊರಕೆ ಹೊಡೆಯುತ್ತಿದ್ದರು. ಆ ಗೊರಕೆಗಿಂತ ದೊಡ್ಡ ಸರ್ಟಿಫಿಕೇಟು ನನಗೆ ಬೇಕಿರಲಿಲ್ಲ. ಮಕ್ಕಳಿಗೆ ‘ಶ್’ ಎಂದೆ. ಅವರು ಸದ್ದಿಲ್ಲದೆ ಬೀಳಲು ನೋಡಿದರು, ಆಗಲಿಲ್ಲ.

ಆ ಗೋಡೆ ಹಲವು ವರ್ಷ ನಡೆಯಿತು. ಅಲ್ಲಿ ಒಂದು ಮಗುವೂ ಕಾಲು ಮುರಿದುಕೊಳ್ಳಲಿಲ್ಲ. ಆಮೇಲೆ ಮನೆ ಪಾಲಾಯಿತು, ಗೋದಾಮು ಹೋಯಿತು. ಮೇಡಂ ಅಶೋಕಪುರಂನಲ್ಲಿ ತಂಗಿಯ ಮನೆಯಲ್ಲಿದ್ದರು. ಒಂದು ದಿನ ಫೋನು ಬಂತು. ಬಚ್ಚಲಲ್ಲಿ ಸೋಪಿನ ನೀರಿಗೆ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು.

ಆಸ್ಪತ್ರೆಗೆ ಓಡಿದೆ. ಮಂಚದಲ್ಲಿ ಅವರು ಇನ್ನೂ ಚಿಕ್ಕದಾಗಿ ಕಂಡರು. ನನ್ನನ್ನು ನೋಡಿ ನಕ್ಕರು. ನಾಚಿಕೊಂಡ ನಗು ಅದು. ಅವರ ಮುಖದಲ್ಲಿ ಅಂಥದ್ದನ್ನು ನಾನು ಕಂಡಿರಲಿಲ್ಲ.

“ನೆಲ ನೋಡ್ಲಿಲ್ಲ ಕಣೇ,” ಎಂದರು.

ಅವರ ಕೈ ಹಿಡಿದುಕೊಂಡು ಕೂತೆ. ಅಂಗೈ ಆಗಲೂ ಒರಟಾಗಿಯೇ ಇತ್ತು... ಅವರು ಆ ಮಂಚದಿಂದ ಏಳಲಿಲ್ಲ.

ಮೊನ್ನೆ ಗೋಕುಲಂನ ಆ ಜಿಮ್ಮಿನಲ್ಲಿ ಮಾಲೀಕರು ತಮ್ಮ ಗೋಡೆಗಳನ್ನು ಒಂದೊಂದಾಗಿ ತೋರಿಸಿದರು. ವಿದೇಶದಿಂದ ತರಿಸಿದ ಹಿಡಿಗಳು, ದಿನಕ್ಕೊಂದು ಬಣ್ಣದ ಹಿಡಿಗಳನ್ನೇ ಹಿಡಿದು ಹತ್ತುವ ದಾರಿ, ಮೇಲೆ ಹಗಲಿನಂಥ ಬೆಳಕು. ಗೋಡೆಯ ತುದಿಯಲ್ಲಿ ಒಂದು ಪುಟ್ಟ ಹುಡುಗಿ ನೇತಾಡುತ್ತಿದ್ದಳು, ಅವಳಮ್ಮ ಕೆಳಗಿನಿಂದ ಫೋಟೋ ತೆಗೆಯುತ್ತಿದ್ದರು. ‘ಹೇಗಿದೆ ಮೇಡಂ?’ ಎಂದು ಮಾಲೀಕರು ಕೇಳಿದರು. ತುಂಬಾ ಚೆನ್ನಾಗಿದೆ ಎಂದೆ. ಸುಳ್ಳು ಹೇಳಲಿಲ್ಲ, ನಿಜಕ್ಕೂ ಚೆನ್ನಾಗಿತ್ತು. ಆದರೂ ಆ ಮಾತು ಬಾಯಿಂದ ಬಂದ ಮೇಲೆ, ಮಗ್ಗುಲಲ್ಲಿ ನಮ್ಮ ಮೇಡಂ ಒಪ್ಪುತ್ತಾರೋ ಇಲ್ಲವೋ ಎಂದು ತಿರುಗಿ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಈಗ ಮೇಡಂ ಎಂದು ಆ ಜಾಗದಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ನನ್ನನ್ನು.