ಮುಹೂರ್ತದ ದಾರಿಯಲ್ಲಿ ಒಂದು ಪಂಕ್ಚರ್

1981ರಲ್ಲಿ ನಾವು ತ್ಯಾಗರಾಜನಗರದಲ್ಲಿದ್ದೆವು. ಮನೆಯ ಮುಂದಿನ ಕೋಣೆಯೇ ನಮ್ಮವರ ಫೋಟೋ ಸ್ಟುಡಿಯೊ. ನಾನು ಗೃಹಿಣಿ. ಆ ವರ್ಷ ಜನಗಣತಿಗೆ ಬಂದ ಮೇಷ್ಟರು ಉದ್ಯೋಗ ಕೇಳಿದಾಗ ಹಾಗೆಂದೇ ಹೇಳಿದೆ, ಅವರೂ ಹಾಗೆಂದೇ ಬರೆದುಕೊಂಡರು. ಆದರೆ ಮದುವೆಯ ದಿನಗಳಲ್ಲಿ ನನಗೆ ಇನ್ನೆರಡು ಕೆಲಸಗಳಿದ್ದವು. ಇವರು ಫೋಟೋ ತೆಗೆಯುವಾಗ ಪಕ್ಕದಿಂದ ಎರಡನೆಯ ಫ್ಲ್ಯಾಶ್ ಹಿಡಿಯುವುದು ಒಂದು. ದಾರಿಯಲ್ಲಿ ಮೋಟಾರ್ ಸೈಕಲ್ಲಿಗೆ ಪಂಕ್ಚರ್ ಹಾಕುವುದು ಇನ್ನೊಂದು. ಎರಡನೆಯದನ್ನು ಹೇಳಿದರೆ ಈಗಲೂ ಜನ ನಗುತ್ತಾರೆ. ನಗಲಿ. ನಾನು ಬರೆಯಹೊರಟಿರುವುದು ಅದರ ಬಗ್ಗೆಯೇ.

ಆ ಕೆಲಸ ನನ್ನ ಪಾಲಿಗೆ ಬಂದದ್ದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಹೊಸಕೆರೆಹಳ್ಳಿಯ ಒಂದು ನಿಶ್ಚಿತಾರ್ಥಕ್ಕೆ ಹೋಗುವಾಗ ಟೈರ್ ಪಂಕ್ಚರ್ ಆಗಿ, ಇವರೇ ಸರಿಮಾಡಿ, ಕೈ ಒರೆಸಿಕೊಂಡು ಫಿಲ್ಮ್ ಲೋಡ್ ಮಾಡಿದ್ದರು. ಫಿಲ್ಮ್ ತೊಳೆದು ನೋಡಿದರೆ ಮೊದಲ ಕೆಲವು ಚಿತ್ರಗಳ ಮೇಲೆ ಹೆಬ್ಬೆರಳ ಗುರುತು; ಹುಡುಗಿಯ ಕೆನ್ನೆಗೆ ಮಸಿ ಬಳಿದ ಹಾಗೆ. ಅಂದಿನಿಂದ ನಮ್ಮಲ್ಲೊಂದು ನಿಯಮವಾಯಿತು: ಫೋಟೋ ತೆಗೆಯುವ ಕೈ ಆ ದಿನ ಗ್ರೀಸ್ ಮುಟ್ಟಬಾರದು. ಭಾನುವಾರಗಳಲ್ಲಿ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಕೂತು ಇವರು ಹೇಳಿಕೊಟ್ಟರು, ನಾನು ಕಲಿತೆ.

ಕಾನ್ವೆಂಟಿನಲ್ಲಿ ಕಲಿತ ಹೊಲಿಗೆ ಆಗ ಉಪಯೋಗಕ್ಕೆ ಬಂತು. ದಪ್ಪ ಕ್ಯಾನ್ವಾಸಿನಲ್ಲಿ ಜೇಬುಗಳಿರುವ, ಸುರುಳಿ ಸುತ್ತಬಹುದಾದ ಒಂದು ಚೀಲ ಹೊಲಿದೆ. ಟೈರಿನ ಅಂಚನ್ನು ಎಬ್ಬಿಸುವ ಎರಡು ಲಿವರ್, ಸ್ಪ್ಯಾನರ್, ರಬ್ಬರ್ ಪ್ಯಾಚುಗಳು, ಅವನ್ನು ಅಂಟಿಸುವ ಸಲ್ಯೂಷನ್, ಸ್ಯಾಂಡ್ ಪೇಪರ್, ಪುಟ್ಟ ಡಬ್ಬಿಯಲ್ಲಿ ಟಾಲ್ಕಂ ಪೌಡರ್, ಎಲ್ಲಕ್ಕೂ ಒಂದೊಂದು ಜೇಬು. ಗಾಳಿ ಹೊಡೆಯುವ ಪಂಪನ್ನು ಸೀಟಿನ ಕೆಳಗೆ ಕಟ್ಟುತ್ತಿದ್ದೆವು. ಸಲ್ಯೂಷನ್ನಿನ ಮುಚ್ಚಳ ಒಮ್ಮೆ ತೆಗೆದರೆ ಅದು ಬೇಗ ಒಣಗಿಹೋಗುತ್ತದೆ. ಹಾಗಾಗಿ ಉಪ್ಪಿನಕಾಯಿ ಜಾಡಿಗಳನ್ನು ತೆರೆದು ನೋಡುವ ದಿನವೇ ಅದನ್ನೂ ಹಿಸುಕಿ ನೋಡುತ್ತಿದ್ದೆ. ನಮ್ಮತ್ತೆ ಒಂದು ದಿನ, "ಸೊಸೆ ಕಾನ್ವೆಂಟಲ್ಲಿ ಓದಿದಾಳೆ ಅಂತ ಬೀದಿಗೆಲ್ಲ ಹೇಳಿದ್ದೆ. ಇನ್ಮೇಲೆ ಪಂಕ್ಚರ್ ಅಂಗಡಿ ಇಟ್ಟಿದಾಳೆ ಅನ್ಬೇಕು" ಎಂದರು. ಹಾಗೆಂದರೂ, ಪೌಡರಿಗೆ ತಮ್ಮ ಕುಂಕುಮದ ಹಳೇ ಡಬ್ಬಿ ಕೊಟ್ಟವರು ಅವರೇ.

ಆ ಬೇಸಿಗೆಯಲ್ಲಿ ಜರಗನಹಳ್ಳಿಯ ಮುನಿಯಪ್ಪನವರು ಎರಡನೆಯ ಮಗಳು ಜಯಮ್ಮನ ಮದುವೆಗೆ ನಮ್ಮನ್ನು ಗೊತ್ತುಮಾಡಲು ಬಂದರು. ಜೊತೆಗೆ ಜಯಮ್ಮನೂ ಇದ್ದಳು. ದೊಡ್ಡ ಮಗಳ ಮದುವೆಗೆ ಫೋಟೋದವರು ತಡವಾಗಿ ಬಂದು, ತಾಳಿ ಕಟ್ಟುವ ಚಿತ್ರವೇ ಸಿಕ್ಕಿರಲಿಲ್ಲವಂತೆ. ಆಲ್ಬಮ್ ತೆರೆದಾಗಲೆಲ್ಲ ಗಂಡನ ಮನೆಯವರು, ನಮ್ಮ ಹುಡುಗ ತಾಳಿ ಕಟ್ಟಿದ್ದಕ್ಕೆ ಸಾಕ್ಷಿ ಎಲ್ಲಿ ಎಂದು ರೇಗಿಸುತ್ತಾರಂತೆ. ಅವರಿಗದು ತಮಾಷೆ, ಆದರೆ ಅಕ್ಕ ಎದ್ದು ಒಳಗೆ ಹೋಗಿಬಿಡುತ್ತಾಳೆ ಎಂದು ಜಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನನಗೆ ಮೆಲ್ಲಗೆ ಹೇಳಿದಳು. ತನಗೂ ಹಾಗಾಗಬಾರದು ಎಂದು ಅವಳು ಬಾಯಿಬಿಟ್ಟು ಕೇಳಲಿಲ್ಲ. ಹೊರಡುವಾಗ ಮುನಿಯಪ್ಪನವರೇ ಹೇಳಿದರು: "ಊಟ ತಡ ಆದ್ರೆ ಕಾಯ್ಬೋದು ಸಾರ್. ತಾಳಿ ಎರಡ್ ಸಲ ಕಟ್ಟಕ್ಕಾಗಲ್ಲ."

ಮದುವೆ ಇದ್ದದ್ದು ಊರಿನಾಚೆ, ಅವರ ತೋಟದಲ್ಲಿ ಹಾಕಿದ ಚಪ್ಪರದಲ್ಲಿ. ಬೆಳಗಿನ ಮುಹೂರ್ತ. ನಾನು ಹಸಿರು ಅಂಚಿನ ರೇಷ್ಮೆ ಸೀರೆ ಉಟ್ಟು, ಕ್ಯಾಮೆರಾ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಿದ್ದೆ. ಬನಶಂಕರಿ ದೇವಸ್ಥಾನ ದಾಟಿದರೆ ಆಗ ಕನಕಪುರ ರಸ್ತೆಯಲ್ಲಿ ಅಂಗಡಿಗಳೇ ಇರಲಿಲ್ಲ. ಹೊಲಕ್ಕೆ ಬೇಲಿ ಹಾಕಲು ಜಾಲಿಮುಳ್ಳು ಹೇರಿಕೊಂಡ ಗಾಡಿಯೊಂದು ಮುಂದೆ ಹೋಗುತ್ತಿತ್ತು. ಅದನ್ನು ಹಿಂದೆ ಹಾಕಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ನಮ್ಮ ಹಿಂದಿನ ಚಕ್ರ ಓಲಾಡತೊಡಗಿತು. ಮುಹೂರ್ತಕ್ಕೆ ಮುಕ್ಕಾಲು ಗಂಟೆ ಉಳಿದಿತ್ತು. ಸಾಮಾನು ಹೊತ್ತು ನಡೆದರೆ ಗಂಟೆಯ ಮೇಲಾಗುತ್ತಿತ್ತು. ಬಸ್ಸು ಆಗಷ್ಟೇ ನಮ್ಮನ್ನು ದಾಟಿ ಹೋಗಿತ್ತು.

ಇವರು ಗಾಡಿಯನ್ನು ಸ್ಟ್ಯಾಂಡಿಗೆ ಎತ್ತಿ ನಿಲ್ಲಿಸಿದವರೇ ಲಿವರಿಗೆ ಕೈಹಾಕಿದರು.

"ರೀ, ನೀವು ಮುಟ್ಬೇಡಿ" ಎಂದೆ.

ಸೆರಗು ಸಿಕ್ಕಿಸಿ, ಹಳೇ ಟವೆಲ್ ಹಾಸಿ ಕೂತೆ. ಟೈರಿನ ಒಂದು ಅಂಚನ್ನು ಎಬ್ಬಿಸಿ, ಟ್ಯೂಬನ್ನು ಹೊರಗೆಳೆದು, ಸ್ವಲ್ಪ ಗಾಳಿ ತುಂಬಿ, ಕುಡಿಯುವ ನೀರನ್ನು ಅದರ ಮೇಲೆ ಸುರಿದೆ. ಒಂದು ಕಡೆ ಸಣ್ಣ ಸಣ್ಣ ಗುಳ್ಳೆ ಎದ್ದವು. ಅಲ್ಲಿ ಒರೆಸಿ, ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಸಲ್ಯೂಷನ್ ಹಚ್ಚಿದೆ. ಇನ್ನು ಅದು ಆರಬೇಕು. ಬೆರಳು ಮುಟ್ಟಿದರೆ ಅಂಟಬಾರದು, ಆಗಲೇ ಪ್ಯಾಚು ಕೂರುವುದು. ಇಡೀ ಕೆಲಸದಲ್ಲಿ ಕಷ್ಟವಾದದ್ದು ಇದೇ, ಸುಮ್ಮನೆ ಕೂತಿರುವುದು. ಇವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಗಡಿಯಾರ ನೋಡಲು ಬಿಚ್ಚಿ, ಮತ್ತೆ ಕಟ್ಟಿಕೊಳ್ಳುತ್ತಿದ್ದರು.

"ಸಾಕು ವಿಮಲಾ, ಅಂಟಿಸ್ಬಿಡು."

"ಹಸಿ ಮೇಲೆ ಅಂಟ್ಸಿದ್ರೆ ಇನ್ನೊಂದು ಫರ್ಲಾಂಗಿಗೆ ಬಿಟ್ಕೊಳತ್ತೆ. ಇರಿ."

ಅಷ್ಟರಲ್ಲಿ ಪೇಟೆಗೆ ಸೊಪ್ಪು ಒಯ್ಯುತ್ತಿದ್ದ ಹೆಂಗಸೊಬ್ಬಳು ಕುಕ್ಕೆ ಇಳಿಸಿ ನಿಂತಳು. ನನ್ನ ಸೀರೆ ನೋಡಿದಳು, ಇವರ ಇಸ್ತ್ರಿ ಶರ್ಟು ನೋಡಿದಳು. "ಗಂಡಸು ನಿಂತೈತೆ, ನೀನ್ಯಾಕವ್ವ ಕೈ ಮಸಿ ಮಾಡ್ಕಂಡಿದೀಯ?" ಎಂದಳು.

"ಅವ್ರ ಕೈಯಲ್ಲಿ ಮದುವೆ ಫೋಟೋ ತೆಗೀಬೇಕಮ್ಮ" ಎಂದೆ.

"ಹಂಗಾದ್ರೆ ನಿಂತಿರ್ಲಿ ಬಿಡು, ದೇವ್ರಂಗೆ" ಎಂದು ನಕ್ಕಳು. ನಮ್ಮವರಿಗೂ ನಗು ಬಂತು.

ಪ್ಯಾಚು ಒತ್ತಿ ಕೂರಿಸಿ, ಟೈರಿಗೆ ಅಂಟದಂತೆ ಮೇಲೆ ಪೌಡರ್ ಹಚ್ಚಿದೆ. ಟೈರಿನ ಹೊರಗೆ ಕಂಡ ಮುಳ್ಳನ್ನು ಮೊದಲೇ ಕಿತ್ತಿದ್ದೆ. ಆಯ್ತಲ್ಲ, ಟ್ಯೂಬ್ ಒಳಗೆ ಹಾಕು ಎಂದು ಇವರು ಅವಸರ ಮಾಡಿದರು. ನನಗೆ ಮನಸ್ಸು ಒಪ್ಪಲಿಲ್ಲ. ಇಸ್ತ್ರಿಗೆ ಮುಂಚೆ ಬಟ್ಟೆಯಲ್ಲಿ ಪಿನ್ನು ಉಳಿದಿದೆಯೇ ಎಂದು ಸವರಿ ನೋಡುವ ಅಭ್ಯಾಸ ನನ್ನದು. ಹತ್ತಿ ಕರ್ಚೀಫನ್ನು ಬೆರಳಿಗೆ ಸುತ್ತಿ, ಟೈರಿನ ಒಳಮೈಯನ್ನು ನಿಧಾನವಾಗಿ ಸುತ್ತಲೂ ಸವರಿದೆ. ಒಂದು ಕಡೆ ನೂಲು ಸಿಕ್ಕಿಕೊಂಡಿತು. ಹೊರಗಿನಿಂದ ಮುರಿದುಹೋಗಿದ್ದ ಎರಡನೆಯ ಮುಳ್ಳು ಅದು. ತುದಿ ಮಾತ್ರ ಒಳಗೆ ನಿಂತಿತ್ತು, ಟ್ಯೂಬಿಗೆ ಇನ್ನೂ ಚುಚ್ಚಿರಲಿಲ್ಲ. ಹಾಗೇ ಟೈರ್ ಮುಚ್ಚಿದ್ದರೆ ಜರಗನಹಳ್ಳಿ ಮುಟ್ಟುವ ಮೊದಲೇ ಮತ್ತೆ ಗಾಳಿ ಇಳಿಯುತ್ತಿತ್ತು. ತುರುಬಿನ ಪಿನ್ನು ತೆಗೆದು ಅದನ್ನು ಒಳಗಿನಿಂದ ಹೊರಕ್ಕೆ ತಳ್ಳಿದೆ. ಇವರು ಗಡಿಯಾರ ನೋಡುವುದನ್ನು ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದರು. ಪಂಪು ಹೊಡೆಯುವಾಗ ಸೊಪ್ಪಿನವಳು ಚಕ್ರ ಅಲುಗದಂತೆ ಹಿಡಿದುಕೊಂಡಳು.

ನಾವು ತೋಟ ಸೇರಿದಾಗ ವಾಲಗ ಕೇಳುತ್ತಿತ್ತು, ಅಂತರಪಟ ಇನ್ನೂ ಹಿಡಿದೇ ಇದ್ದರು. ಇವರು ಗ್ರೀಸ್ ತಾಗದ, ಶುಭ್ರವಾದ ಬೆರಳುಗಳಲ್ಲಿ ಫಿಲ್ಮ್ ಹಾಕಿದರು. ನಾನು ಹೆಂಗಸರ ನಡುವೆ ನುಸುಳಿ, ಕಪ್ಪಾದ ಕೈಯಲ್ಲಿ ಫ್ಲ್ಯಾಶ್ ಎತ್ತಿ ಹಿಡಿದೆ. ತಲೆ ಬಗ್ಗಿಸಿ ಕೂತಿದ್ದ ಜಯಮ್ಮ ಒಮ್ಮೆ ಕಣ್ಣೆತ್ತಿ ನಮ್ಮನ್ನು ಕಂಡಳು. ಅವಳ ಭುಜ ಸಡಿಲವಾದದ್ದು ನನಗೆ ಅಲ್ಲಿಂದಲೇ ತಿಳಿಯಿತು. ಗಟ್ಟಿಮೇಳ ಮೊಳಗಿತು, ಹುಡುಗ ತಾಳಿ ಹಿಡಿದು ಬಾಗಿದ, ಎರಡೂ ಫ್ಲ್ಯಾಶ್ ಒಟ್ಟಿಗೆ ಬೆಳಗಿದವು. ಮೂರು ಗಂಟುಗಳೂ ಚಿತ್ರದಲ್ಲಿ ಬಂದವು.

ಆ ಚಿತ್ರ ನೋಡಿದವರೆಲ್ಲ ಬೆಳಕು ಚೆನ್ನಾಗಿದೆ, ಹುಡುಗಿಯ ಮುಖದಲ್ಲಿ ಕಳೆ ಇದೆ ಎಂದರು. ಸಲ್ಯೂಷನ್ ಆರುವವರೆಗೆ ಕಾದ ಹೊತ್ತು, ಟೈರಿನೊಳಗೆ ಸವರಿದ ಕರ್ಚೀಫು ಅದರಲ್ಲಿ ಕಾಣುವುದಿಲ್ಲ. ಕಾಣಬೇಕಾಗಿಯೂ ಇಲ್ಲ. ಹೊತ್ತು ಕಡಿಮೆ ಇದ್ದಾಗಲೇ ಕೆಲಸದ ಯಾವ ಹಂತವನ್ನೂ ಬಿಡಬಾರದು ಎಂಬುದನ್ನು ನಾನು ಕಲಿತದ್ದು ಆ ರಸ್ತೆಯ ಬದಿಯಲ್ಲಿ. ಮುಂದೆ ಮಕ್ಕಳ ಜ್ವರದಲ್ಲಿ, ಹಬ್ಬದ ಅಡುಗೆಯಲ್ಲಿ, ಎಲ್ಲದರಲ್ಲೂ ಅದು ನನ್ನ ಕೈಹಿಡಿಯಿತು.

ಅಂದು ಊಟಕ್ಕೆ ಮುಂಚೆ ಸೀಗೆಪುಡಿ ಹಾಕಿ ಉಜ್ಜಿದರೂ ಕೈಯ ಮಸಿ ಪೂರ್ತಿ ಹೋಗಲಿಲ್ಲ. ನಾನು ಕೈ ಮುದುಡಿಕೊಂಡು ಹೆಂಗಸರ ಪಂಕ್ತಿಯ ಕಡೆ ನಡೆಯುತ್ತಿದ್ದೆ. ಫೋಟೋದವರನ್ನು ಕರೀರಿ, ಒಂದು ಎಲೆ ಇದೆ ಎಂದು ಬಡಿಸುವವನು ಇವರನ್ನು ಕೂಗಿದ. ಮುನಿಯಪ್ಪನವರು ಅಷ್ಟರಲ್ಲಿ ಇವರಿಂದ ದಾರಿಯ ಕಥೆಯೆಲ್ಲ ಕೇಳಿದ್ದರು. ನನ್ನ ಕೈ ನೋಡಿದರು, ಆಮೇಲೆ ಅವನ ಕಡೆ ತಿರುಗಿದರು.

"ಫೋಟೋದವ್ರು ಇಬ್ರು ಕಣಯ್ಯಾ. ಎರಡೆಲೆ ಹಾಕು."