ಹಬ್ಬದ ಶಿಫ್ಟಿನ ಡ್ರೈವರಣ್ಣ

ಅವರ ಬಲಗೈ ಪೂರ್ತಿ ಬಿಚ್ಚಿಕೊಳ್ಳುತ್ತಲೇ ಇರಲಿಲ್ಲ. ಬೀಡಿ ಹಚ್ಚುವಾಗ, ಊಟಕ್ಕೆ ಕೂತಾಗ, ಯಾರಿಗಾದರೂ ನಮಸ್ಕಾರ ಮಾಡುವಾಗ ಕೂಡ ನಾಲ್ಕು ಬೆರಳು ಒಳಕ್ಕೆ ಬಾಗಿ, ಏನನ್ನೋ ಹಿಡಿದುಕೊಂಡಂತೆಯೇ ಇರುತ್ತಿದ್ದವು. ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಅವರು ಹಿಡಿದದ್ದು ಒಂದೇ ಕಬ್ಬಿಣದ ಹಿಡಿಕೆ. ಜನ ತುಂಬಿದ ಕೇಜನ್ನು ಭೂಮಿಯೊಳಕ್ಕೆ ಇಳಿಸುವುದು, ಮತ್ತೆ ಮೇಲಕ್ಕೆ ಎಳೆಯುವುದು ಆ ಹಿಡಿಕೆಯ ಕೆಲಸ. ಆ ಇಂಜಿನ್ ನಡೆಸುವವರನ್ನು ನಾವು ಡ್ರೈವರ್ ಎನ್ನುತ್ತಿದ್ದೆವು. ಇವರು ನಮಗೆಲ್ಲ ಹಿರಿಯರಾದ್ದರಿಂದ ಡ್ರೈವರಣ್ಣ.

ನನ್ನದು ಗಣಿಬಾಯಿಯ ಪಕ್ಕ ನಿಂತು ಗಂಟೆ ಹೊಡೆಯುವ ಕೆಲಸ. ಕೇಜಿಗೆ ಜನ ಹತ್ತಿದರೆ ಒಂದು ಲೆಕ್ಕ, ಅದಿರು ಬಂದರೆ ಇನ್ನೊಂದು ಲೆಕ್ಕ. ಆ ಗಂಟೆ ಕೇಳಿ ಡ್ರೈವರಣ್ಣ ಇಂಜಿನ್ ನಡೆಸಬೇಕು. ಇಂಜಿನ್ ನಡೆಯುವಾಗ ಡ್ರೈವರನ್ನು ಯಾರೂ ಮಾತಾಡಿಸಕೂಡದೆಂದು ಅಲ್ಲಿ ಬೋರ್ಡೇ ಇತ್ತು. ಮಾತಾಡಿಸಿದರೂ ಅವರು ಹೆಚ್ಚು ಮಾತಾಡುವವರಲ್ಲ. ಅವರ ಬಾಯಲ್ಲಿ ನಾನು ಹೆಚ್ಚು ಕೇಳಿದ್ದು ಒಂದೇ ಮಾತು: "ಓಗ್ಬುಟ್ಟು ಬಾ, ನಾನಿವ್ನಿ."

ಈ ಮಾತು ಬರುತ್ತಿದ್ದದ್ದು ಹಬ್ಬಗಳ ಮುಂಚೆ. ಹಬ್ಬಕ್ಕೆ ಗಣಿಗೆ ರಜ ಇರುತ್ತಿತ್ತು, ಆದರೆ ಗಣಿಯೊಳಗೆ ಜಿನುಗುವ ನೀರಿಗೆ ರಜವಿಲ್ಲ. ಪಂಪು ನೋಡಿಕೊಳ್ಳುವವರು ಕೆಳಗಿಳಿಯಲೇಬೇಕು. ಅವರನ್ನು ಇಳಿಸುವುದಕ್ಕೆ ಒಬ್ಬ ಡ್ರೈವರ್, ಒಬ್ಬ ಗಂಟೆಯವನು ಇರಲೇಬೇಕು. ಉಳಿದ ಡ್ರೈವರುಗಳು ಹೆಂಡತಿ ಮಕ್ಕಳೊಂದಿಗೆ ಊರಿಗೆ ಹೊರಟರೆ, ಇವರು ಯುಗಾದಿ, ಗೌರಿ, ದೀಪಾವಳಿ, ಸಂಕ್ರಾಂತಿ ಎಲ್ಲವನ್ನೂ ಇಂಜಿನ್ ಮನೆಯಲ್ಲೇ ಕಳೆಯುತ್ತಿದ್ದರು. ಹಿಂದೆ ಮುಂದೆ ಯಾರೂ ಇಲ್ಲದ ಜೀವ ಎಂದೇ ಎಲ್ಲರೂ ತಿಳಿದಿದ್ದೆವು.

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ನನಗೆ ಮದುವೆಯಾಯಿತು. ಹೆಂಡತಿಯ ತವರು ದೂರದ ಹಿರಿಯೂರಿನ ಕಡೆ. ನನಗಿನ್ನೂ ಗಣಿಯವರು ಕೊಡುವ ಲೈನ್ ಮನೆ ಸಿಕ್ಕಿರಲಿಲ್ಲವಾದ್ದರಿಂದ ಆಷಾಢಕ್ಕೆ ಹೋದವಳು ಅಲ್ಲೇ ಉಳಿದಿದ್ದಳು. ಅಳಿಯನಿಗೆ ಮೊದಲ ದೀಪಾವಳಿ ಎಂದರೆ ಸಣ್ಣ ಮಾತೇ? ಭಾವಮೈದುನ ಖುದ್ದಾಗಿ ಬಂದು ಎಲೆ ಅಡಿಕೆ ಕೊಟ್ಟು ಕರೆಯಬೇಕು. ನನಗೆ ಬಂದದ್ದು ಒಂದು ಪೋಸ್ಟ್ ಕಾರ್ಡು. ಮಾವನಿಗೆ ಕಾಲುನೋವು, ಮನೆಯಲ್ಲಿ ಕೆಲಸ, ಯಾರೂ ಬರುವಂತಿಲ್ಲ, ತಪ್ಪು ತಿಳಿಯದೆ ಬನ್ನಿ ಎಂದು ಬರೆದಿದ್ದರು. ಜೊತೆಯವರು ನನಗೆ "ಕಾರ್ಡಿನ ಅಳಿಯ" ಎಂದು ಹೆಸರಿಟ್ಟರು. ನನಗೆ ಮೂಗಿನ ತುದಿಯಲ್ಲೇ ಕೋಪ. ಹಬ್ಬಕ್ಕೆ ಹೋಗುವುದೇ ಇಲ್ಲವೆಂದು ಹೇಳಿ ಹಬ್ಬದ ಶಿಫ್ಟಿಗೆ ಹೆಸರು ಬರೆಸಿಬಿಟ್ಟೆ. ಕಾರ್ಡಿಗೆ ಉತ್ತರವನ್ನೂ ಬರೆಯಲಿಲ್ಲ.

ಪಟ್ಟಿಯಲ್ಲಿ ನನ್ನ ಹೆಸರು ನೋಡಿ ಡ್ರೈವರಣ್ಣ ಶಿಫ್ಟು ಮುಗಿದ ಮೇಲೆ ನನ್ನನ್ನು ಟೀ ಅಂಗಡಿಗೆ ಕರೆದುಕೊಂಡು ಹೋದರು. ಅದುವರೆಗೆ ಅವರು ಯಾರನ್ನೂ ಹಾಗೆ ಕರೆದದ್ದು ನಾನು ಕಂಡಿರಲಿಲ್ಲ.

"ಏನ್ಲಾ, ಮೊದಲ್ನೇ ದೀಪಾವಳಿಗೆ ಓಗಲ್ವಂತೆ?"

ನಾನು ಕಾರ್ಡಿನ ವಿಷಯ ಹೇಳಿದೆ.

"ನಂಗೂ ಎಂಡ್ತಿ ಅವ್ಳೆ. ಬೂದಿಕೋಟೆ ತಾವ, ಅವ್ರಪ್ಪನ ಮನೇಲಿ," ಎಂದರು.

ನನ್ನ ಕೈಯಲ್ಲಿದ್ದ ಟೀ ಹಾಗೇ ನಿಂತಿತು.

"ನಂದೂ ಮೊದಲ್ನೇ ದೀಪಾವಳೀನೇ ಕಣ್ಲಾ. ಮಣೆ ಮ್ಯಾಲೆ ಕೂರ್ಸಿ ತಲೇಗೆ ಎಣ್ಣೆ ಆಕಿದ್ರು. ಅಳಿಯ ಅಂದ್ಮೇಲೆ ವಸಿ ಮುನಿಸ್ಕೋಬೇಕಲ್ಲ, ಅದು ಸಾಸ್ತ್ರ. ವಾಚು ಕೊಟ್ರೇನೇ ಏಳೋದು ಅಂದೆ. 'ಗಣೀಲಿ ಗಂಟೆ ಒಡೀತಾರಲ್ಲ, ನಿಂಗ್ಯಾಕಪ್ಪಾ ವಾಚು' ಅಂದ್ರು ನಮ್ಮ ಮಾವ. ಎಲ್ರೂ ನಕ್ರು. ನಮ್ಮೋಳೂ ನಕ್ಳು. ನಂಗೆ ರೋಸ ಬಂತು. ಎಣ್ಣೆ ತಲೇಲೇ ಅಂಗಿ ಆಕ್ಕೊಂಡು ಬಂಗಾರಪೇಟೆ ದಾರಿ ಇಡ್ದೆ."

"ಯಾರೂ ಕೂಗ್ಲಿಲ್ವಾ ಅಣ್ಣಾ?"

"ಆಟ ಆಡ್ತಾವ್ನೆ ಅನ್ಕೊಂಡ್ರು. ಊರಾಚೆ ತಂಕ ಓಗಿ ತಿರುಗ್ಕೊಂಡು ಬತ್ತಾನೆ ಅಂತ ನೀರು ಕಾಯಿಸ್ಕೊಂಡು ಕೂತಿದ್ರಂತೆ."

ಅವರು ಬಂದು ಕರೆಯಲಿ ಎಂದು ಇವರು. ಇವರು ಬಂದು ಕರೆದುಕೊಂಡು ಹೋಗಲಿ ಎಂದು ಅವರು. ಮೊದಲ ವರ್ಷ ಕೋಪ ಇತ್ತಂತೆ. ಎರಡನೆಯ ವರ್ಷ ಕೋಪ ಹೋಗಿ ನಾಚಿಕೆ ಬಂದು ಕೂತಿತು. "ಆಮೇಲೆ ಯಾವ ಮೊಕ ಇಟ್ಕೊಂಡು ಓಗ್ಲಿ? ಅಬ್ಬ ಬಂದ್ರೆ, ಊರಿಗೆ ಓಗಲ್ವಾ ಅಂತ ಎಲ್ರೂ ಕೇಳೋರು. ಶಿಫ್ಟೈತೆ ಅಂದ್ರೆ ಯಾರೂ ಕೇಳಾಕಿಲ್ಲ," ಎಂದರು.

ಅವರೇ ಎದ್ದು ಹೋಗಿ, ನನ್ನ ಜಾಗದಲ್ಲಿ ಗಂಟೆ ಹೊಡೆಯುವುದಕ್ಕೆ ತಮಿಳು ಕ್ರಿಶ್ಚಿಯನ್ ಗೆಳೆಯನೊಬ್ಬನನ್ನು ಒಪ್ಪಿಸಿದರು. ಕ್ರಿಸ್ಮಸ್ಸಿಗೆ ಅವನ ಕೆಲಸ ನಾನು ಮಾಡಬೇಕು ಎಂದು ಅವರು ಹೇಳಿದಾಗ ಅವನು "ಸರಿ ಅಣ್ಣೇ" ಎಂದು ನಕ್ಕ. ನನ್ನ ಕಡೆ ತಿರುಗಿ ಡ್ರೈವರಣ್ಣ ಅದೇ ಮಾತು ಹೇಳಿದರು: "ಓಗ್ಬುಟ್ಟು ಬಾ, ನಾನಿವ್ನಿ."

ನಾನು ಹೋದೆ. ಊರಿನ ಬಸ್ಸು ಇಳಿದಾಗ ಭಾವಮೈದುನ ಅಲ್ಲೇ ನಿಂತಿದ್ದ. ಎರಡು ದಿನದಿಂದ ಪ್ರತಿ ಬಸ್ಸಿಗೂ ಬಂದು ನೋಡಿ ಹೋಗುತ್ತಿದ್ದನಂತೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಣ್ಣು ಊದಿಕೊಂಡಿತ್ತು. ಆಗ ನನಗಾದ ನಾಚಿಕೆ ಅಷ್ಟಿಷ್ಟಲ್ಲ.

ಮರುವರ್ಷ ಯುಗಾದಿಗೆ ನಾನು ಇನ್ನೊಬ್ಬ ಡ್ರೈವರನ್ನು ಶಿಫ್ಟಿಗೆ ಒಪ್ಪಿಸಿ, ಹಟ ಹಿಡಿದು ಡ್ರೈವರಣ್ಣನನ್ನು ಹೊರಡಿಸಿದೆ. ಒಗೆದ ಅಂಗಿ ತೊಟ್ಟು, ಒಂದು ಸೀರೆಯನ್ನೂ ಕೊಂಡು, ಬೆಳಗಿನ ರೈಲಿನಲ್ಲಿ ಬಂಗಾರಪೇಟೆಗೆ ಹೋದರು. ಮಧ್ಯಾಹ್ನ ಇಂಜಿನ್ ಮನೆಯ ಹತ್ತಿರ ನೋಡಿದರೆ ಅದೇ ಕಾಗದದ ಪೊಟ್ಟಣ ಕಂಕುಳಲ್ಲಿಟ್ಟುಕೊಂಡು ನಿಂತಿದ್ದಾರೆ.

"ಯಾಕಣ್ಣಾ?"

"ಬಸ್ಸು ತುಂಬಿತ್ತು ಕಣ್ಲಾ."

"ಆಮೇಲಿನ ಬಸ್ಸು?"

"ಅದೂ ತುಂಬಿತ್ತು."

ಬೂದಿಕೋಟೆಯ ಎರಡು ಬಸ್ಸುಗಳು ಹೋಗುವುದನ್ನು ನೋಡುತ್ತಾ ಅವರು ಬಂಗಾರಪೇಟೆಯಲ್ಲೇ ಕೂತಿದ್ದರೆಂದು ನನಗೆ ಗೊತ್ತಾಯಿತು. ಮತ್ತೆ ನಾನು ಆ ಮಾತು ಎತ್ತಲಿಲ್ಲ. ಎತ್ತಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ.

ಮುಂದೆ ನನಗೆ ಲೈನ್ ಮನೆ ಸಿಕ್ಕಿತು, ಹೆಂಡತಿ ಬಂದಳು, ಮಕ್ಕಳಾದವು. ಕೆಲವು ಹಬ್ಬಕ್ಕೆ ಊರಿಗೆ ಹೋಗುತ್ತಿದ್ದೆವು, ಕೆಲವನ್ನು ಇಲ್ಲೇ ಮಾಡುತ್ತಿದ್ದೆವು. ಇಲ್ಲೇ ಇದ್ದ ಹಬ್ಬಗಳಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಶಿಫ್ಟು ಮುಗಿಸಿ ಡ್ರೈವರಣ್ಣ ನಮ್ಮ ಬೀದಿಯಲ್ಲೇ ಹಾದು ತಮ್ಮ ಕೋಣೆಗೆ ಹೋಗುತ್ತಿದ್ದರು. ನಾನು ಬಾಗಿಲಲ್ಲಿ ನಿಂತು "ಊಟ ಆಯ್ತಾ ಅಣ್ಣಾ?" ಎಂದು ಕೇಳುತ್ತಿದ್ದೆ. "ಆಯ್ತು ಆಯ್ತು" ಎಂದು ಕೈಯಾಡಿಸಿ ನಡೆದುಬಿಡುತ್ತಿದ್ದರು. ಶಿಫ್ಟಿನಿಂದ ನೇರ ಬರುತ್ತಿರುವ ಮನುಷ್ಯನಿಗೆ ಊಟ ಎಲ್ಲಿ ಆಗಿರಬೇಕು ಎಂದು ನಾನು ಒಂದು ದಿನವೂ ಯೋಚಿಸಲಿಲ್ಲ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ, ಯಾವ ಹಬ್ಬವೂ ಇಲ್ಲದ ಒಂದು ಮುಂಜಾನೆ, ಅವರು ಎದೆನೋವಿನಿಂದ ತೀರಿಕೊಂಡರು. ಹೆಂಡತಿ ಇದ್ದಾರೆಂದು ಗೊತ್ತಿದ್ದವನು ನಾನೊಬ್ಬನೇ. ಬೂದಿಕೋಟೆಯ ಕಡೆ ಹೋಗಿ, ಕೇಳಿಕೊಂಡು, ಮನೆ ಹುಡುಕಿದೆ. ಆಕೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ತಲೆ ನರೆತಿತ್ತು. ವಿಷಯ ಕೇಳಿ ಜೋರಾಗಿ ಅಳಲಿಲ್ಲ. ಮೊರವನ್ನು ಒಳಗಿಟ್ಟು, ಸೆರಗು ಹೊದ್ದು, ನನ್ನ ಹಿಂದೆ ಬಂದು ಬಸ್ಸು ಹತ್ತಿದರು.

ಅರ್ಧ ದಾರಿ ಕಳೆದ ಮೇಲೆ ಕಿಟಕಿಯ ಕಡೆ ನೋಡುತ್ತಲೇ ಕೇಳಿದರು:

"ಅಬ್ಬದ ದಿನ ಆಯಪ್ಪ ಯಾರ ಮನೇಲಿ ಉಣ್ತಿದ್ರಪ್ಪಾ?"

ಅಷ್ಟು ವರ್ಷ ದೂರವಿದ್ದ ಹೆಂಗಸು ಬೇರೆ ಏನನ್ನೂ ಕೇಳಲಿಲ್ಲ.

"ನಮ್ಮನೇಲಮ್ಮಾ," ಎಂದೆ. "ಎಲ್ಲಾ ಹಬ್ಬಕ್ಕೂ ನಮ್ಮನೇಲೇ."

ಆಕೆ ನನ್ನ ಕಡೆ ತಿರುಗಿದರು. ಅವರ ಮುಖ ಹಗುರಾಯಿತು. ಆಮೇಲೇ ಕಣ್ಣಲ್ಲಿ ನೀರು ಬಂತು.

"ಅಂಗಾ? ಒಬ್ಬರೇ ಕೂತಿರ್ತಾರೇನೋ ಅಂತ ನಂಗೆ ಅಬ್ಬದೂಟ ಗಂಟಲಾಗೆ ಇಳೀತಿರ್ಲಿಲ್ಲ. ನಿನ್ನೆಂಡ್ತಿ ತಣ್ಣಗಿರ್ಲಿ ಕಣಪ್ಪಾ," ಎಂದು ಎರಡೂ ಕೈ ನನ್ನ ತಲೆಯ ಮೇಲಿಟ್ಟರು.

ನಾನು ತಲೆ ತಗ್ಗಿಸಿ ಆ ಆಶೀರ್ವಾದವನ್ನು ತೆಗೆದುಕೊಂಡೆ.