ಸ್ತೂಪದ ಹಿಂದಿನ ಸಿಳ್ಳು

ಇಂಥ ಕಥೆ ಹೇಳುವವರನ್ನು ನಾನು ಸುಮ್ಮನೆ ಬಿಟ್ಟವನಲ್ಲ. ಕಾಲೇಜಿನ ಚರ್ಚಾಕೂಟಗಳಲ್ಲಿ ದೆವ್ವ, ಶಕುನಗಳ ಪರ ನಿಂತವರನ್ನು ನಾಲ್ಕೇ ಪ್ರಶ್ನೆಗಳಲ್ಲಿ ಬಾಯಿ ಮುಚ್ಚಿಸಿದ್ದೇನೆ. ಈಗ ನಾನೇ ಹೇಳಬೇಕಾಗಿದೆ. ಹೇಳುವಾಗ ಸಿಟ್ಟೇ ಬರುತ್ತದೆ.

ನನ್ನ ಅಕ್ಕ ಗೌರವ್ವನನ್ನು ತಿಕೋಂಡಿಯ ಸೋದರಮಾವನ ಮಗ ಮಾಳಪ್ಪನಿಗೆ ಕೊಟ್ಟಿತ್ತು. ಸ್ವಾತಂತ್ರ್ಯ ಬಂದ ಮರುವರ್ಷ ಕುರಿ ಹೊಡೆದುಕೊಂಡು ಪಡುವಣ ಘಟ್ಟಕ್ಕೆ ಹೋದ ಮಾಳಪ್ಪ ತಿರುಗಿ ಬರಲಿಲ್ಲ. ಕುರಿಗಳು ಸಿಕ್ಕವು, ಅವನು ಸಿಗಲಿಲ್ಲ. ಅಕ್ಕ ಮೂರು ವರ್ಷ ಕಾದಳು. ನಮ್ಮಲ್ಲಿ ಉಡಿಕಿ ಎಂಬ ಪದ್ಧತಿ ಇದೆ: ಮಗ ಸತ್ತನೆಂದು ಮಾವ ಒಪ್ಪಿ ಸೀರೆ ಕೊಟ್ಟರೆ ಸೊಸೆ ಇನ್ನೊಬ್ಬನ ಮನೆ ತುಂಬಬಹುದು. ಸೊರಡಿಯ ಒಬ್ಬ ಒಳ್ಳೆಯ ಮನುಷ್ಯ ಕೇಳಿದ್ದ. ಅಕ್ಕನಿಗೂ ಮನಸ್ಸಿತ್ತು. ವಾದಿಸಿ ವಾದಿಸಿ ಮಾವನನ್ನು ಒಪ್ಪಿಸಿದೆ.

"ಅಂವ ಕಡೀಕ ಕುರಿ ಮೇಸಿದ ಜಾಗಾ ಒಮ್ಮಿ ನೋಡಿ ಬರೂಣು. ಅಲ್ಲೂ ಸುಳಿವ ಸಿಗಲಿಲ್ಲಂದ್ರ ಸೀರಿ ನಾನ ತರ್ತೀನಿ" ಎಂದ ಮಾವ.

ಆ ಜಾಗ ಕಾರ್ಲೆಯ ಬೌದ್ಧ ಗುಹೆಗಳ ಬೆಟ್ಟ. ಎರಡು ದಿನ ಹುಡುಕಿ, ಮಧ್ಯಾಹ್ನದ ಬಿಸಿಲಿಗೆ ದೊಡ್ಡ ಗುಹೆಯೊಳಗೆ ಹೋದೆವು. ಎರಡು ಸಾಲು ಕಂಬ, ಕೊನೆಯಲ್ಲಿ ಕಲ್ಲಿನ ಸ್ತೂಪ. ನಾವು ಬಂದ ಬಾಗಿಲ ಕಡೆ ಬಿಟ್ಟರೆ ಬೇರೆ ದಾರಿಯಿಲ್ಲ. ಮಾವ ಬಾಯಿಯ ಎರಡೂ ಬದಿಗೆ ಕೈ ಹಿಡಿದು ತಮ್ಮ ಮನೆಯ ಕೂಗು ಹಾಕಿದ. ಕುರಿ ಕಾಯುವವರಲ್ಲಿ ಮನೆಗೊಂದು ಕೂಗು ಇರುತ್ತದೆ. ಅವರ ಮನೆಯ ಕೂಗಿಗೆ ಎರಡು ಸಿಳ್ಳು ಉತ್ತರ.

"ಎರಡ ಸಾವಿರ ವರ್ಷದ ಭಿಕ್ಷುಗಳು ಎದ್ದ ಬಂದಾರು, ಮಾವಾ" ಎಂದು ನಕ್ಕೆ.

"ಬಾಯಿ ಮುಚ್ಕೊಂಡ ನಿಂದ್ರೋ ವಕೀಲಾ. ಉಸರ ಬಿಟ್ರೂ ವಾದಾ ಮಾಡತಿ."

ಕೂಗು ಕಂಬಗಳಲ್ಲಿ ಸುತ್ತಿ ಅಡಗಿತು. ಆಮೇಲೆ ಸ್ತೂಪದ ಹಿಂದಿನಿಂದ ಎರಡು ಸಿಳ್ಳು ಬಂದವು. ಎರಡನೆಯದರ ಕೊನೆಯಲ್ಲಿ ಗಾಳಿ ಸೋರಿತು. ಟಗರು ಹಾಯ್ದು ಮುಂದಿನ ಹಲ್ಲು ಮುರಿದ ಮೇಲೆ ಮಾಳಪ್ಪನ ಸಿಳ್ಳು ಹಾಗೆಯೇ ಸೋರುತ್ತಿತ್ತು.

ಓಡಿಹೋಗಿ ಸ್ತೂಪವನ್ನು ಮೂರು ಸಲ ಸುತ್ತಿದೆ. ಧೂಳಿನಲ್ಲಿ ನನ್ನ ಹೆಜ್ಜೆಗಳಷ್ಟೇ. ಪ್ರತಿಧ್ವನಿ ಎನ್ನುತ್ತೀರಾ? ಕೂಗು ಸಿಳ್ಳಾಗಿ ಮರಳುತ್ತದೆಯೇ? ಹಕ್ಕಿ ಎನ್ನುತ್ತೀರಾ? ನಾನೂ ಮಾವನಿಗೆ ಅದನ್ನೇ ಹೇಳಿದೆ. ಹತ್ತು ಸಲ ನಾನೇ ಗಂಟಲು ಹರಿಯುವಂತೆ ಆ ಕೂಗು ಹಾಕಿದೆ. ಏನೂ ಬರಲಿಲ್ಲ. ಮಾವ ಕಂಬಕ್ಕೆ ಒರಗಿ ಅಳುತ್ತಿದ್ದ. "ಅದಾನ, ನನ್ನ ಮಗಾ ಅದಾನ" ಅಂದ. ಸೀರೆಯ ಮಾತು ಅಲ್ಲಿಗೇ ಮುಗಿಯಿತು.

ಬದುಕಿದ್ದರೆ ಎದುರಿಗೆ ಬರಬೇಕಿತ್ತು, ಸತ್ತಿದ್ದರೆ ಸುಮ್ಮನಿರಬೇಕಿತ್ತು. ಎರಡನ್ನೂ ಮಾಡದೆ ಒಂದು ಹೆಣ್ಣಿನ ಬದುಕನ್ನು ಕಟ್ಟಿಹಾಕುವುದು ಯಾವ ನ್ಯಾಯ?

ತಿಕೋಂಡಿಗೆ ಬಂದಾಗ ಅಕ್ಕ ನನ್ನನ್ನು ಕುರಿದೊಡ್ಡಿಯ ಹಿಂದೆ ಕರೆದಳು. "ಮಾವಗ ವಯಸ್ಸಾಗ್ಯಾದ. ನೀ ಸಾಲಿ ಕಲ್ತಾಂವ. ನಿನಗೂ ಕೇಳಿಸ್ತೇನು, ತಮ್ಮಾ?"

ಇಲ್ಲ ಎಂದಿದ್ದರೆ ಸಾಕಿತ್ತು. ಚರ್ಚೆಗಳಲ್ಲಿ ನನಗೇ ನಂಬಿಕೆಯಿಲ್ಲದ ಪಕ್ಷ ಹಿಡಿದೂ ಗೆದ್ದು ಬಂದವನು ನಾನು. ಆ ಒಂದು ಮಾತು ಬಾಯಿಗೆ ಬರಲಿಲ್ಲ. ಅಕ್ಕ ನನ್ನ ಮುಖ ನೋಡಿ, ಸೆರಗು ಸರಿಮಾಡಿಕೊಂಡು, ಕುರಿಗೆ ನೀರಿಡಲು ಹೋದಳು.

ಸೊರಡಿಯವನಿಗೆ ಬೇರೆ ಮದುವೆಯಾಯಿತು. ಆ ಸಿಳ್ಳು ಏನೆಂದು ನನಗೆ ಈಗಲೂ ಗೊತ್ತಿಲ್ಲ. ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ನನ್ನೆದುರು ವಾದಿಸಬೇಡಿ. ತಿಕೋಂಡಿಗೆ ಹೋಗಿ ಅಕ್ಕನಿಗೆ ಹೇಳಿ ಬನ್ನಿ.